ಎಕೂಯಾ ಹಾಕಿದ ಗಂಟು

ಅಳಿಯನಾದವನು ಅತ್ತೆಯ ಮನೆಗೆ ಬರಿಗೈಯಲ್ಲಿ ಹೋಗಬಾರದು. ಅದರಲ್ಲೂ ಮಾವ ತೀರಿಹೋಗಿ ವರ್ಷ ತುಂಬಿದಾಗ ದುಃಖ ಬಿಡಿಸುವ ಊಟಕ್ಕೆ ಕಾಡಿನ ಮಾಂಸ ಹೊತ್ತು ತರದಿದ್ದರೆ, ಸಂಘಾ ನದಿಯ ದಂಡೆಯ ಊರುಗಳಲ್ಲಿ ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಊಟಕ್ಕೆ ಉಳಿದದ್ದು ಒಂದೇ ದಿನ. ಬೇಟೆಗಾರ ಎಕೂಯಾ ಮೂರು ದಿನದಿಂದ ಕಾಡು ಸುತ್ತುತ್ತಿದ್ದ, ಬುಟ್ಟಿ ಮಾತ್ರ ಖಾಲಿ.

ಅವತ್ತು ಬೆಳಿಗ್ಗೆ ತೊರೆಯ ಪಕ್ಕದ ಕಾಲುದಾರಿಯಲ್ಲಿ ಒಂದು ಕೆಂಪು ಚಿಗರೆ ಸತ್ತು ಬಿದ್ದಿತ್ತು. ಕೊಬ್ಬಿದ ಮೈ, ಇನ್ನೂ ವಾಸನೆ ಬಂದಿರಲಿಲ್ಲ. ಗುಂಡೇಟಿಲ್ಲ, ಉರುಳಿನ ಗುರುತಿಲ್ಲ, ಚಿರತೆ ಕಚ್ಚಿದ್ದೂ ಇಲ್ಲ.

ಹಿಂದಿನ ವರ್ಷವಾಗಿದ್ದರೆ ಎಕೂಯಾ "ಕಾಡು ಕೊಡ್ತು" ಎಂದು ಹೊತ್ತು ನಡೆದಿರುತ್ತಿದ್ದ. ಆದರೆ ಎರಡು ತಿಂಗಳ ಹಿಂದೆ, ಕಾಡುಪ್ರಾಣಿಗಳ ರೋಗ ಪರೀಕ್ಷಿಸುವ ಡಾಕ್ಟರ್ ಸೊಲಾಂಜ್ ಊರಿಗೆ ಬಂದು ಬೇಟೆಗಾರರನ್ನೆಲ್ಲ ಕೂರಿಸಿಕೊಂಡು ಮಾತಾಡಿದ್ದಳು.

"ಇಷ್ಟು ದೊಡ್ಡ ಕಾಡಿಗೆ ನಾವಿರೋದು ನಾಲ್ಕೇ ಜನ. ದಿನಾ ಓಡಾಡೋರು ನೀವು. ತಾನಾಗೇ ಸತ್ತು ಬಿದ್ದಿರೋ ಪ್ರಾಣಿ ಕಂಡ್ರೆ ಮುಟ್ಬೇಡಿ, ಬಂದು ಜಾಗ ಹೇಳಿ. ಎಬೋಲಾ ಅನ್ನೋ ರೋಗ ಎಷ್ಟೋ ಸಲ ಮೊದ್ಲು ಕಾಡಲ್ಲಿ ಪ್ರಾಣಿಗಳನ್ನ ಕೊಲ್ಲುತ್ತೆ, ಆಮೇಲೆ ಊರಿಗೆ ಬರುತ್ತೆ."

"ನಾವೇ ಕೊಂದ್ವಿ ಅಂತ ಅರಣ್ಯದ ಕಾವಲಿನೋರು ಹಿಡ್ಕೊಂಡು ಹೋದ್ರೆ?" ಎಂದು ಎಕೂಯಾನೇ ಕೇಳಿದ್ದ.

"ಸುದ್ದಿ ತಂದೋರ್ನ ಮುಟ್ಟಲ್ಲ ಅಂತ ಅವರ ಹತ್ರ ಮಾತು ತಗೊಂಡೇ ಬಂದಿದೀನಿ."

ಎಕೂಯಾ ಚಿಗರೆಯ ಮುಂದೆ ಬಹಳ ಹೊತ್ತು ನಿಂತ. ಅತ್ತೆಯ ಬಾಯಿ ನೆನಪಾಯಿತು. ಆಸೆಯೂ ಆಯಿತು. ಕೊನೆಗೆ ಯಾರೂ ಮುಟ್ಟದಿರಲಿ ಎಂದು ಉದ್ದನೆಯ ಎಲೆಯೊಂದಕ್ಕೆ ತನ್ನ ಗುರುತಿನ ಗಂಟು ಹಾಕಿ, ಕೋಲಿಗೆ ಸಿಕ್ಕಿಸಿ, ಪಕ್ಕದಲ್ಲಿ ನೆಟ್ಟು, ಸೊಲಾಂಜಳ ಬಿಡಾರದ ಕಡೆ ಹೊರಟ. ಗಂಟು ಎಂದರೆ "ಇದು ನನ್ನದು". ಬೇರೆಯವರು ಅಂಥದ್ದನ್ನು ಮುಟ್ಟುವುದಿಲ್ಲ. ಆದರೆ ನೆಂಟರು ಆ ಗಂಟನ್ನು ಕಂಡರೆ ಬೇಟೆಯನ್ನು ಹೊತ್ತು ಮನೆ ಮುಟ್ಟಿಸಬೇಕು, ಅದು ಅಲ್ಲಿಯ ರೂಢಿ. ಅವಸರದಲ್ಲಿ ಎಕೂಯಾನಿಗೆ ಇದು ಹೊಳೆಯಲೇ ಇಲ್ಲ.

ಸೊಲಾಂಜಳನ್ನು ಕರೆದುಕೊಂಡು ಬಂದಾಗ ಕೋಲಿತ್ತು, ಗಂಟಿತ್ತು, ಚಿಗರೆ ಇರಲಿಲ್ಲ. ಆ ದಾರಿಯಲ್ಲಿ ಓಡಾಡುವ ನೆಂಟನೆಂದರೆ ಹೆಂಡತಿಯ ತಮ್ಮ ಮಬೀಕಾ ಒಬ್ಬನೇ.

"ನಾನೇ ಕೆಡಿಸ್ಬಿಟ್ಟೆ ಡಾಕ್ಟ್ರೇ" ಎಂದವನೇ ಎಕೂಯಾ ಓಡಿದ.

ಅತ್ತೆಯ ಅಂಗಳದಲ್ಲಿ ಬಾಳೆಲೆಯ ಮೇಲೆ ಚಿಗರೆ ಮಲಗಿತ್ತು. ಅತ್ತೆ ಲೆಂಬೆ ಕತ್ತಿ ಮಸೆಯುತ್ತಿದ್ದಳು. ವರ್ಷದಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು.

"ಬನ್ನಿ ಅಳಿಯಂದಿರೇ. ಬೇಟೆ ಆಡೋದು ನೀವು, ಹೊರೋದು ನನ್ನ ಮಗ. ಹೋಗ್ಲಿ ಬಿಡಿ, ನಿಮ್ಮಿಂದ ನನ್ನ ಮರ್ಯಾದೆ ಉಳೀತು."

"ಅತ್ತೆ, ಕತ್ತಿ ಕೆಳಗಿಡಿ. ಅದನ್ನ ನಾನು ಹೊಡೆದಿಲ್ಲ. ಸತ್ತು ಬಿದ್ದಿತ್ತು."

"ಅದಕ್ಕೇನೀಗ? ನನ್ನ ಗಂಡನೂ ಅಂಥವು ಎಷ್ಟೋ ತಂದಿದ್ದ. ತಿಂದು ನಾನು ಈ ವಯಸ್ಸಿಗೆ ಬಂದಿಲ್ವಾ?"

"ನೀವು ದಿನಾ ನದಿಗೆ ಇಳೀತೀರಿ, ಮೊಸಳೆ ನಿಮ್ಮನ್ನ ಹಿಡಿದಿಲ್ಲ. ಹಾಗಂತ ನದೀಲಿ ಮೊಸಳೆ ಇಲ್ವಾ ಅತ್ತೆ?"

"ಬರಿಗೈ ಮುಚ್ಕೊಳ್ಳೋಕೆ ಏನೇನು ಮಾತು ಕಲ್ತಿದೀರಪ್ಪ. ಚೆನ್ನಾಗಿ ಬೇಯಿಸಿದ್ರಾಯ್ತು."

ಅಷ್ಟರಲ್ಲಿ ಸೊಲಾಂಜ್ ಏದುಸಿರು ಬಿಡುತ್ತ ಬಂದಳು. "ಬೇಯಿಸೋಕೆ ಮುಂಚೆ ಕೊಯ್ಬೇಕಲ್ಲಮ್ಮಾ. ಕೊಯ್ಯೋವಾಗ ರಕ್ತ ಕೈಗಾಗುತ್ತೆ. ಬೆರಳಲ್ಲಿ ಒಂದು ಗೀರಿದ್ರೆ ಸಾಕು, ರೋಗ ಒಳಗೆ ಹೋಗುತ್ತೆ."

ಲೆಂಬೆ ತನ್ನ ಬೆರಳು ನೋಡಿಕೊಂಡಳು. ಬೆಳಿಗ್ಗೆ ಮರಗೆಣಸು ಸುಲಿಯುವಾಗ ಆದ ಗಾಯ ಅಲ್ಲಿತ್ತು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮಗ ಮಬೀಕಾನನ್ನು ನೋಡಿದಳು. ಕತ್ತಿ ಕೆಳಗಿಟ್ಟಳು.

"ಇವನು ಹೊತ್ಕೊಂಡು ಬಂದಿದಾನಲ್ಲ ತಾಯಿ" ಎಂದಳು.

ಸೊಲಾಂಜಳ ತಂಡದವರು ಮೈತುಂಬ ಮುಚ್ಚುವ ಉಡುಪು ತೊಟ್ಟು ಪರೀಕ್ಷೆಗೆ ಮಾದರಿ ತೆಗೆದುಕೊಂಡರು, ಚಿಗರೆಯನ್ನು ಆಳದ ಗುಂಡಿಯಲ್ಲಿ ಹೂತರು, ಮಬೀಕಾ ಅದನ್ನು ಹೊತ್ತು ತಂದ ಬುಟ್ಟಿ ಸುಟ್ಟರು, ಅಂಗಳಕ್ಕೆಲ್ಲ ಔಷಧಿ ಹೊಡೆದರು. ಮುಟ್ಟಿದ್ದವನು ಮಬೀಕಾ ಒಬ್ಬನೇ. ಅವನನ್ನು ಸೋಪು ಹಚ್ಚಿ ಮೈ ತೊಳೆಸಿ ಇಪ್ಪತ್ತೊಂದು ದಿನ ಬೇರೆ ಗುಡಿಸಲಲ್ಲಿ ಇಟ್ಟರು, ರೋಗ ಹತ್ತಿದ್ದರೆ ಅಷ್ಟರೊಳಗೆ ಕಾಣಿಸಿಕೊಳ್ಳುತ್ತದೆ. ದಿನಕ್ಕೆರಡು ಸಲ ಜ್ವರ ನೋಡುತ್ತಿದ್ದರು. ಲೆಂಬೆ ಅವನ ಊಟವನ್ನು ದೂರದ ಮರದ ಬೊಡ್ಡೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಮಗನಿಲ್ಲದೆ ದುಃಖ ಬಿಡಿಸುವುದು ಹೇಗೆ? ಊಟ ಮುಂದಕ್ಕೆ ಹೋಯಿತು.

ಒಂಬತ್ತನೆಯ ದಿನ ಸುದ್ದಿ ಬಂತು. ಚಿಗರೆಯಲ್ಲಿ ಎಬೋಲಾ ಇತ್ತು. ಅವತ್ತಿನಿಂದ ಲೆಂಬೆ ಬೊಡ್ಡೆಯ ಎದುರೇ ಚಾಪೆ ಹಾಸಿ ಕೂತುಬಿಟ್ಟಳು. ಚಿಗರೆ ಸಿಕ್ಕ ಕಡೆಯ ಕಾಡಿಗೆ ಬೇಟೆಗಾರರು ಹೋಗಲಿಲ್ಲ. ಸುತ್ತಲಿನ ಏಳು ಊರುಗಳಿಗೆ ಹೇಳಿ ಕಳಿಸಿದರು.

ಇಪ್ಪತ್ತೊಂದು ದಿನ ಕಳೆದರೂ ಮಬೀಕಾನಿಗೆ ಏನೂ ಆಗಲಿಲ್ಲ. ಬುಟ್ಟಿಗೆ ದಪ್ಪ ಎಲೆ ಹಾಸಿದ್ದ, ಮೈಯಲ್ಲಿ ಗಾಯವಿರಲಿಲ್ಲ. ಅದೃಷ್ಟ, ಅಷ್ಟೆ. ಬೇಟೆಗಾರರು ಕೂತು ಹೊಸ ಗುರುತು ಗೊತ್ತುಮಾಡಿದರು. ಮಸಿ ಬಳಿದ ಎರಡು ಕೋಲು ಅಡ್ಡಡ್ಡ ನೆಟ್ಟಿದ್ದರೆ, ಅದು ಯಾರದೂ ಅಲ್ಲ, ನೆಂಟರೂ ಮುಟ್ಟಬಾರದು.

ದುಃಖ ಬಿಡಿಸುವ ಊಟಕ್ಕೆ ಒಣಮೀನು, ಮರಗೆಣಸು. ನೆಂಟನೊಬ್ಬ ಬಾಯಿ ತಡೆಯಲಾರದೆ, "ಏನಕ್ಕ, ಅಳಿಯ ಏನೂ ತರ್ಲಿಲ್ವಾ?" ಎಂದ.

ಲೆಂಬೆ ಮಗನ ಎಲೆಗೆ ಮೀನು ಬಡಿಸುತ್ತಿದ್ದಳು. "ಬರಿಗೈಲಿ ಬಂದ ಕಣೋ. ಅದಕ್ಕೇ ಇವತ್ತು ಎರಡಲ್ಲ, ಒಂದೇ ದುಃಖ ಬಿಡಿಸ್ತಾ ಇದೀವಿ" ಎಂದಳು.

ಕಾಡಿಗೆ ಹೋಗುವ ಅಣ್ಣತಮ್ಮಂದಿರೇ, ಮಾಂಸ ಕೊಯ್ಯುವ ಅಕ್ಕತಂಗಿಯರೇ, ತಾನಾಗಿ ಸತ್ತ ಪ್ರಾಣಿಯನ್ನು ಮುಟ್ಟಬೇಡಿ, ಹೊರಬೇಡಿ, ಹೂಳಲೂ ಹೋಗಬೇಡಿ. ಯಾರಿಗೂ ತಪ್ಪು ತಿಳಿಯದಂಥ ಗುರುತು ಹಾಕಿ, ಅವತ್ತೇ ಸುದ್ದಿ ಮುಟ್ಟಿಸಿ. ಬರಿಗೈಯಲ್ಲಿ ಮನೆಗೆ ಬಂದರೂ ಸರಿ, ನಿಮ್ಮ ಎಲೆಗೆ ಬಡಿಸುವವರು ಕಾಯುತ್ತಿರುತ್ತಾರೆ.