ಬೂಟು ಬಿಟ್ಟು ಕೂತ ಜಾಗ

ಬೆಳಗ್ಗೆ ಆರಕ್ಕೆ ಎದ್ದ ಪುಟ್ಟಸ್ವಾಮಿ ಬೂಟು ಮೆಟ್ಟಲು ಹೋದ. ಬೂಟು ಇರಲಿಲ್ಲ. ಬಿಟ್ಟಿದ್ದ ಜಾಗದಲ್ಲಿ ಒಣಹುಲ್ಲು ಒತ್ತಿಕೊಂಡಿತ್ತು, ಅಷ್ಟೆ.

ಹತ್ತು ಗಂಟೆಗೆ ಅವನಿಗೆ ಇಂಟರ್‌ವ್ಯೂ ಇತ್ತು. ಅಮೆರಿಕದ ಮಿಲ್ಪಿಟಾಸ್ ಊರಿನಲ್ಲಿ ಅವನು ಟೆಕ್ನೀಷಿಯನ್ ಆಗಿದ್ದ ಕಂಪನಿ ಎಂಬತ್ತೈದರ ಜುಲೈಯಲ್ಲಿ ಬಾಗಿಲು ಹಾಕಿತ್ತು. ಈಗ ಅಕ್ಟೋಬರ್. ಇಷ್ಟು ದಿನದಲ್ಲಿ ಅವನನ್ನು ಕರೆದದ್ದು ಇದೊಂದೇ ಕಡೆ. ಕಾಲು ಮುಚ್ಚುವ ಬೂಟಿಲ್ಲದವರನ್ನು ಫ್ಯಾಕ್ಟರಿಯೊಳಗೆ ಬಿಡುವುದಿಲ್ಲ ಎಂದು ಕರೆದ ಪತ್ರದಲ್ಲೇ ಬರೆದಿತ್ತು.

"ರಾತ್ರಿ ನಿನ್ನ ಪಕ್ಕ ಮಲಗಿದ್ನಲ್ಲ ಎಡ್ಡಿ, ಐದು ಗಂಟೆ ಗೂಡ್ಸ್ ಗಾಡಿ ಹತ್ತಿದ," ಎಂದ ವಾಲ್ಟರ್, ಒಲೆಗೆ ಕಡ್ಡಿ ತುರುಕುತ್ತ. "ನಿನ್ನ ಬೂಟು ಇಷ್ಟೊತ್ತಿಗೆ ಊರು ದಾಟಿರುತ್ತೆ."

ಫ್ರೀವೇ ಸೇತುವೆ ಕೆಳಗಿನ ಈ ಠಿಕಾಣಿಯ ಯಜಮಾನ ಎನ್ನಬಹುದಾದವನು ವಾಲ್ಟರ್. ಎಪ್ಪತ್ತರ ಹತ್ತಿರ. ಮೂವತ್ತರ ದಶಕದಲ್ಲಿ ಗೂಡ್ಸ್ ರೈಲು ಹತ್ತಿ, ಊರೂರಿನ ಸುಗ್ಗಿಗೆ ಕೂಲಿ ಹೋಗಿ ಬದುಕಿದವನು. ಅಕ್ಕನ ಮನೆಯ ಗ್ಯಾರೇಜು ಬಿಟ್ಟು ಕಾರಿನಲ್ಲಿ ಮಲಗುತ್ತಿದ್ದ ಪುಟ್ಟಸ್ವಾಮಿ, ಕೆಟ್ಟುನಿಂತ ಆ ಕಾರನ್ನೂ ಪೊಲೀಸರು ಎಳೆದೊಯ್ದ ಮೇಲೆ, ಎರಡು ದಿನದ ಹಿಂದೆ ಇಲ್ಲಿಗೆ ಬಂದಿದ್ದ. ಪಾತ್ರೆಗೆ ಏನಾದರೂ ಹಾಕಿದವನಿಗೇ ಊಟ ಎಂದು ವಾಲ್ಟರ್ ಅವನಿಂದ ಎರಡು ಈರುಳ್ಳಿ ತರಿಸಿದ್ದ.

"ಬೂಟು ಒಲೆಯಿಂದ ಅಷ್ಟು ದೂರ ಯಾಕೆ ಬಿಟ್ಟೆ?" ಎಂದು ವಾಲ್ಟರ್ ಕೇಳಿದ.

"ಅಡುಗೆ ಆಗೋ ಕಡೆ ಮೆಟ್ಟು ಹಾಕ್ಕೊಂಡು ಕೂರಲ್ಲ ನಾವು."

ವಾಲ್ಟರ್ ಅವನ ದಿಂಬಿನ ಕಡೆ ನೋಡಿದ. ಡಿಪ್ಲೊಮಾ ಸರ್ಟಿಫಿಕೇಟುಗಳ ಫೈಲನ್ನು ಇಂಟರ್‌ವ್ಯೂ ಶರ್ಟಿನಲ್ಲಿ ಸುತ್ತಿ ಮಾಡಿದ ದಿಂಬು ಅದು. ಮುದುಕ ಕೆಮ್ಮು ಬರುವಷ್ಟು ನಕ್ಕ.

"ಕಾಗದ ತಲೆ ಕೆಳಗೆ, ಬೂಟು ಬಯಲಲ್ಲಿ! ಕಾಗದ ಯಾವನು ಕದೀತಾನೋ?"

ಜೇಬಿನಲ್ಲಿ ಮೂರು ಡಾಲರ್ ಇತ್ತು. ಮೂಲೆಯ ಪೇಫೋನಿನಿಂದ ಅವನು ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿದ್ದ ಅಕ್ಕ ಗೌರಮ್ಮನಿಗೆ ಫೋನು ಮಾಡಿದ.

"ಎಲ್ಲಿದ್ದೀಯೋ ಪುಟ್ಟ? ಊಟ ಆಯ್ತಾ?"

"ಭಾವಂದು ಒಂದ್ ಜೊತೆ ಬೂಟು..." ಎನ್ನುವಷ್ಟರಲ್ಲಿ ಹಿಂದಿನಿಂದ ಭಾವ ಜಯರಾಮನ ಗಂಟಲು ಕೇಳಿಸಿತು. "ಯಾರು, ನಿನ್ನ ತಮ್ಮನಾ? ಗ್ಯಾರೇಜು ಖಾಲಿ ಇದೆ ಅನ್ನು. ಎರಡು ತಿಂಗಳು ಕೂತು ತಿಂದ, ಇನ್ನೂ ಎರಡು ತಿಂಗಳು ತಿನ್ಲಿ!"

"ಏನಿಲ್ಲ ಅಕ್ಕ, ಸುಮ್ನೆ ಮಾಡ್ದೆ," ಎಂದು ಪುಟ್ಟಸ್ವಾಮಿ ಫೋನಿಟ್ಟ.

ಅವನು ಸೇತುವೆ ಕೆಳಗೆ ಮರಳಿದಾಗ, "ಆಯ್ತಾ ಅಳೋದು?" ಎಂದ ವಾಲ್ಟರ್. "ಇಲ್ಲಿ ಕೇಳು. ಹಸಿವು ಅಂದ್ರೆ ಬಾಗಿಲು ಮುಚ್ಚುತ್ತೆ, ಸೌದೆ ಒಡೀಲಾ ಅಂದ್ರೆ ತಟ್ಟೆ ಬರುತ್ತೆ. ಹಿಂಬಾಗಿಲಿಗೆ ಹೋಗು. ಏನು ಕೆಟ್ಟಿದೆ ನೋಡು. ಸರಿ ಮಾಡು. ಆಮೇಲೆ ಕೇಳು."

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಿದ್ದ ಕಾಲು ಈಗ ಮೆತ್ತಗಾಗಿತ್ತು. ಇಂಟರ್‌ವ್ಯೂ ಶರ್ಟು ತೊಟ್ಟು, ಫೈಲು ಹಿಡಿದು ಹೊರಟವನಿಗೆ ರೈಲು ಹಳಿಯ ಜಲ್ಲಿ ಚುಚ್ಚಿ ಹಿಮ್ಮಡಿ ಒಡೆಯಿತು. ಅವನು ನಿಲ್ಲಲಿಲ್ಲ. ಏಳೂವರೆಗೆ ಒಂದು ಶೂ ರಿಪೇರಿ ಅಂಗಡಿಯ ಹಿಂಬಾಗಿಲು ತಟ್ಟಿದ. ಅಂಗಡಿಯವನು ಪೋರ್ಚುಗೀಸ್ ಮುದುಕ. ಬಾಗಿಲು ತೆರೆದದ್ದೇ ತಡ, ಪುಟ್ಟಸ್ವಾಮಿಯ ಕೈ ತಾನಾಗಿ ಫೈಲು ಬಿಚ್ಚಿ ಡಿಪ್ಲೊಮಾ ಮುಂದೆ ಹಿಡಿಯಿತು.

"ಕಾಗದ ನನಗೆ ಯಾಕೆ?" ಎಂದು ಮುದುಕ ಬಾಗಿಲು ಹಾಕಿಕೊಂಡ.

ಪುಟ್ಟಸ್ವಾಮಿ ತನ್ನನ್ನೇ ಬೈದುಕೊಂಡ. ಒಳಗೆ ಪಾಲಿಶ್ ಮಾಡುವ ಮೆಷಿನ್ ಶುರುವಾಗಿ, ಗೊರಗುಟ್ಟಿ, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಅವನು ಫೈಲನ್ನು ಶರ್ಟಿನೊಳಗೆ ತುರುಕಿ ಇನ್ನೊಮ್ಮೆ ತಟ್ಟಿದ.

"ಆ ಮೆಷಿನ್ ಸರಿ ಮಾಡ್ತೀನಿ. ಆಗದಿದ್ರೆ ಓಡ್ಸಿ."

ಮುದುಕ ಅವನ ರಕ್ತ ಒಸರುವ ಕಾಲು ನೋಡಿ, ಪಕ್ಕಕ್ಕೆ ಸರಿದ. ಸ್ವಿಚ್ಚಿನೊಳಗಿನ ತಾಮ್ರ ಸುಟ್ಟು ಕಪ್ಪಗಾಗಿತ್ತು. ಪುಟ್ಟಸ್ವಾಮಿ ಪ್ಲಗ್ ಕಿತ್ತು, ಬೂಟಿನ ಅಟ್ಟೆ ಉಜ್ಜುವ ಎಮರಿ ಪೇಪರಿನಿಂದಲೇ ಅದನ್ನು ಉಜ್ಜಿ, ಸಡಿಲವಾಗಿದ್ದ ತಂತಿ ಬಿಗಿದ. ಮೆಷಿನ್ ನಿಲ್ಲದೆ ತಿರುಗಿತು. ಆಮೇಲೆ ಕೇಳಿದ. ಗಿರಾಕಿಗಳು ಬಿಟ್ಟುಹೋದ ಜೋಡುಗಳ ಕಪಾಟಿನತ್ತ ಮುದುಕ ಗದ್ದ ಎತ್ತಿ ತೋರಿಸಿದ. ಸಿಕ್ಕದ್ದು ಎರಡು ಸೈಜು ದೊಡ್ಡದು. ಪುಟ್ಟಸ್ವಾಮಿ ಹಿಮ್ಮಡಿಗೆ ಬಟ್ಟೆ ಸುತ್ತಿ, ಬೂಟಿನ ಮೂತಿಗೆ ಪೇಪರ್ ತುರುಕಿ, ಅಲ್ಲಿನ ನಲ್ಲಿಯಲ್ಲೇ ಮುಖ ತೊಳೆದು, ಎರಡೂವರೆ ಮೈಲಿ ನಡೆದ.

ಹತ್ತಕ್ಕೆ ಐದು ನಿಮಿಷವಿರುವಾಗ ಫ್ಯಾಕ್ಟರಿ ಮುಟ್ಟಿದ. ಸೂಪರ್‌ವೈಸರ್ ಫೈಲಿಗೆ ಕೈ ಚಾಚಿದಾಗ ಅವನು ಕೊಟ್ಟ, ಆದರೆ ಅಲ್ಲಿಗೇ ಬಿಡಲಿಲ್ಲ.

"ನಿಂತುಹೋದ ಮೆಷಿನ್ ಯಾವುದಾದರೂ ಇದ್ದರೆ ಮೊದಲು ಅದನ್ನ ತೋರಿಸಿ."

ಒಂದಲ್ಲ, ಮೂರಿದ್ದವು. ಒಂದೂವರೆಯ ಹೊತ್ತಿಗೆ ಎರಡು ಓಡಿದವು. ಮೂರನೆಯದು ಓಡಲಿಲ್ಲ. ಸೋಮವಾರ ಬಂದು ಅದನ್ನೂ ನೋಡು, ತಿಂಗಳ ಮಟ್ಟಿಗೆ ಕೆಲಸ, ಆಮೇಲಿನದು ಆಮೇಲೆ ಎಂದರು.

ಸಂಜೆ ಅವನು ಸೇತುವೆ ಕೆಳಗೆ ಬಂದು ಪಾತ್ರೆಗೆ ನಾಲ್ಕು ಈರುಳ್ಳಿ ಹೆಚ್ಚಿಹಾಕಿ, ಒಲೆಯ ಪಕ್ಕದಲ್ಲಿ ಕೂತ. ಅನ್ನ ಬೇಯಿಸುವ ಬೆಂಕಿಯ ಮುಂದೆ ಮೆಟ್ಟು ಹಾಕಿ ಕೂತದ್ದು ಜನ್ಮದಲ್ಲಿ ಮೊದಲು. ಮೈ ಮುದುಡಿತು. ಕಾಲು ಅಲ್ಲೇ ಇಟ್ಟ.

"ಬಿಚ್ಚಲ್ವಾ?" ಎಂದ ವಾಲ್ಟರ್.

"ಬಾಗಿಲಿರೋ ಮನೆ ಸಿಗೋವರೆಗೂ ಇಲ್ಲ," ಎಂದು ಪುಟ್ಟಸ್ವಾಮಿ ತಟ್ಟೆ ಚಾಚಿದ.