ಮಹಾನಂದಾಳ ಕಸಿ ಚಾಕು

ನಾನು ಒಂದು ಕಸಿ ಚಾಕು. ಬೆರಳುದ್ದದ ಅಲಗು, ಮರದ ಹಿಡಿ. ಒಂದು ಗಿಡದ ಚಿಗುರುಮೊಗ್ಗನ್ನು ತೊಗಟೆಸಮೇತ ಎಬ್ಬಿಸಿ ಇನ್ನೊಂದು ಗಿಡದ ತೊಗಟೆಯೊಳಗೆ ಕೂರಿಸುವುದು ನನ್ನ ಕೆಲಸ. ಅಂಗಡಿಯವನು ನನ್ನನ್ನು ಈರುಳ್ಳಿ ಹೆಚ್ಚುವ ಚಾಕುಗಳ ಪಕ್ಕ ಇಟ್ಟಿದ್ದ. ಆ ಸಿಟ್ಟು ಬಹಳ ದಿನ ನನ್ನಲ್ಲಿತ್ತು.

ನನ್ನನ್ನು ಕೊಂಡವಳು ಮಹಾನಂದಾ ಹೂಗಾರ, ತೋಟಗಾರಿಕೆ ಕಾಲೇಜಿಗೆ ಆಗಷ್ಟೇ ಸೇರಿದ ಹುಡುಗಿ. ಅವಳ ಅಪ್ಪ ಗುರುಪಾದಪ್ಪ ಮನೆಮನೆಗೆ ಪೂಜೆಯ ಹೂವು, ಪತ್ರಿ ಕೊಡುವವರು. ಹಾಸ್ಟೆಲಿಗೆ ಬಿಡಲು ಬಂದವರು ನನ್ನನ್ನು ತಿರುಗಿಸಿ ನೋಡಿದರು.

"ಹೂಗಾರರ ಮಗಳಿಗೆ ಹೂವಿನ ಪಾಠ ಹೇಳಾಕ ಕಾಲೇಜ ಬೇಕೇನವಾ? ಒಂದ ವರ್ಷ ನೋಡೂಣು. ಫೇಲಾದ್ರ ಮನಿಗೆ ಬಂದು ಹೂ ಕಟ್ಟು."

ಮಹಾನಂದಾ ನನ್ನನ್ನು ಅವರ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಳು.

ಪ್ರಾಯೋಗಿಕ ಪರೀಕ್ಷೆಗೆ ಹತ್ತು ಕಾಡುಗುಲಾಬಿ ಗಿಡಗಳಿಗೆ ಕೆಂಪು ಗುಲಾಬಿಯ ಮೊಗ್ಗು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೂರು ವಾರ ಬಿಡಬೇಕಿತ್ತು. ಒಂದಾದರೂ ಹಿಡಿದರೆ ಪಾಸು. ನಾನು ಚೆನ್ನಾಗಿಯೇ ಕೊಯ್ದೆ. ಆದರೆ ಇವಳಿಗೆ ಜೀವ ತಡೆಯದು. ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಇಣುಕಿ ಮತ್ತೆ ಕಟ್ಟುವಳು. ಒಂಬತ್ತು ಮೊಗ್ಗುಗಳು ಕಪ್ಪಾದವು.

"ತಾವಾಗಿ ಸತ್ತಿಲ್ಲ ಇವು. ನೀ ನೋಡಿ ನೋಡಿ ಕೊಂದಿ," ಅಂದರು ಪಾಠ ಹೇಳುವ ಕಸ್ತೂರಿ ಮೇಡಂ.

ಪರೀಕ್ಷೆಯ ದಿನ ನೀರು ತರಲು ಹೋದಾಗ ಡ್ರಮ್ಮಿನ ಹಿಂದೆ ಹತ್ತನೆಯದು ಸಿಕ್ಕಿತು. ಕಸಿ ಮಾಡಿದ ದಿನವೇ ಯಾರೋ ಸರಿಸಿಟ್ಟಿದ್ದರು, ಇವಳು ಮರೆತೇಬಿಟ್ಟಿದ್ದಳು. ಬೆರಳು ಪಟ್ಟಿಗೆ ಹೋಯಿತು. ಬೇಡವೇ ತಾಯಿ, ಎಂದು ನಾನು ಜೇಬಿನಲ್ಲೇ ಬೇಡಿಕೊಂಡೆ. ಅವಳು ಕೈ ಹಿಂದಕ್ಕೆ ತೆಗೆದಳು. ಹಾಗೆಯೇ ಕುಂಡವನ್ನು ಎತ್ತಿಕೊಂಡು ಹೋಗಿ ಮೇಡಂ ಮುಂದೆ ಇಟ್ಟಳು.

ಮೇಡಂ ಪಟ್ಟಿ ಬಿಚ್ಚಿದರು. ಒಳಗೆ ಮೊಗ್ಗು ಹಸಿರಾಗಿತ್ತು. ಮಹಾನಂದಾ ಅಲ್ಲೇ ಅತ್ತುಬಿಟ್ಟಳು.

ಓದು ಮುಗಿಯಿತು. ಗೆಳತಿಯರಲ್ಲಿ ಒಬ್ಬಳು ತೋಟಗಾರಿಕೆ ಇಲಾಖೆಗೆ, ಒಬ್ಬಳು ಬ್ಯಾಂಕಿಗೆ, ಇನ್ನೊಬ್ಬಳು ಬೀಜದ ಕಂಪನಿಗೆ ಸೇರಿದರು. ಮಹಾನಂದಾ ಊರ ಹೊರಗೆ ಗುಲಾಬಿ ನರ್ಸರಿ ಹಾಕಿದಳು. ಅಲ್ಲಿ ಲೆಕ್ಕವಿಲ್ಲದಷ್ಟು ಮೊಗ್ಗು ಕೂರಿಸಿದೆ. ಮಸೆದು ಮಸೆದು ಸವೆದೆ. ಹೊಸ ಚಾಕು ಬಂತು, ನಾನು ತಗಡಿನ ಡಬ್ಬಿ ಸೇರಿದೆ. ಅಲ್ಲಿ ಕತ್ತಲೆಗಿಂತ ಬೇಸರವೇ ಹೆಚ್ಚು.

ಮಗಳನ್ನು ಕೇಳಿ ಅಲ್ಲಿಂದ ನನ್ನನ್ನು ತೆಗೆದುಕೊಂಡವರು ಗುರುಪಾದಪ್ಪ. ಈಗ ಅವರ ಹೂಬುಟ್ಟಿಯಲ್ಲಿದ್ದೇನೆ. ಮಗಳ ಗುಲಾಬಿಗಳಿಂದ ಅವರು ಹಾರ ಕಟ್ಟುತ್ತಾರೆ, ನಾನು ದಾರ ಕತ್ತರಿಸುತ್ತೇನೆ. ಮೊದಲಾಗಿದ್ದರೆ ಈ ಕೆಲಸಕ್ಕೆ ಮೂಗು ಮುರಿಯುತ್ತಿದ್ದೆ.

ಮೊನ್ನೆ ಹಾರ ಕೊಳ್ಳಲು ಬಂದ ಹೆಂಗಸೊಬ್ಬಳು, "ಯಜಮಾನ್ರ, ಮೊಂಡ ಚಾಕು ಯಾಕ ಇಟಗೊಂಡೀರಿ? ಒಗೀರಿ ಅತ್ಲಾಗ," ಅಂದಳು.

ಗುರುಪಾದಪ್ಪ ನನ್ನನ್ನು ಧೋತರದ ಅಂಚಿನಿಂದ ಒರೆಸಿದರು.

"ಹಂಗನಬ್ಯಾಡವಾ," ಅಂದರು, "ನನ್ನ ಮಗಳ ಜೋಡಿ ಕಾಲೇಜ ಕಲ್ತೈತಿ ಇದು."