ಎರಡೆಲೆಯ ಸಸಿ

ಅಪ್ಪನ ಹೆಬ್ಬೆರಳಿಗೆ ಹತ್ತಿದ್ದ ಟೊಮೆಟೊ ಗಿಡದ ಹಸಿರು ಕಲೆಯನ್ನು ಮಗಳು ಒದ್ದೆ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಅವರು ಸತ್ತ ಮೇಲೂ ಅದು ಬಿಡುವ ಪೈಕಿಯದಲ್ಲ.

"ಸಾಕು ಬಿಡಕ್ಕ, ಜನ ಬರ್ತಿದಾರೆ," ಎಂದ ತಮ್ಮ. ಅವನು ಡಾಕ್ಟರು. ಬೆಳಿಗ್ಗೆಯಷ್ಟೇ ಬಂದವನು, ಇಸ್ತ್ರಿ ಕೆಡದ ಅಂಗಿಯಲ್ಲಿ ಬಾಗಿಲಿಗೆ ನಿಂತಿದ್ದ.

ಬಂದವರೆಲ್ಲ ಸಂಶೋಧನಾ ಕೇಂದ್ರದವರು. ಅಪ್ಪ ಕಂಡುಹಿಡಿದ ವಂಶವಾಹಿ ಗುರುತಿನದೇ ಗುಣಗಾನ. ಮೊದಲೆಲ್ಲ ಯಾವ ಗಿಡ ರೋಗ ತಡೆಯುತ್ತದೆಂದು ತಿಳಿಯಲು ಇಡೀ ಬೆಳೆ ಕಾಯಬೇಕಿತ್ತು. ಅಪ್ಪ ಬಂದ ಮೇಲೆ ಎಳೆ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿದರೆ ಸಾಕಾಯಿತು. ಗುರುತಿದ್ದ ಸಸಿ ಹೊಲಕ್ಕೆ, ಇಲ್ಲದ್ದು ತಿಪ್ಪೆಗೆ.

*

ಆ ಅಭ್ಯಾಸ ಅಪ್ಪನ ಹಿಂದೆಯೇ ಮನೆಗೂ ಬಂತು. ಏಳನೇ ತರಗತಿಯ ಗಣಿತದಲ್ಲಿ ಮಗಳು ಮುಗ್ಗರಿಸಿದಾಗ ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಅಮ್ಮನನ್ನು ಕರೆದು ಹೇಳಿದರು: "ಎರಡೆಲೆ ಬಂದಾಗ್ಲೇ ಗೊತ್ತಾಗುತ್ತೆ. ಇವಳಿಗೆ ನೀರು ಗೊಬ್ಬರ ದಂಡ. ಚಿಕ್ಕವನನ್ನ ಓದಿಸೋಣ."

ಅಂದಿನಿಂದ ತಮ್ಮನಿಗೆ ಮನೆಪಾಠದ ಮೇಷ್ಟ್ರು, ಅವಳಿಗೆ ಅಡುಗೆಮನೆ. ಅಮ್ಮ ಹೋದ ಮೇಲೆ ಅಪ್ಪನ ಔಷಧಿ, ಪಥ್ಯ, ಸಿಡುಕು ಎಲ್ಲ ಅವಳ ಪಾಲಿಗೆ. ನಿನ್ನ ವಿಷಯದಲ್ಲಿ ನಾನು ತಪ್ಪಿದೆ ಎಂದು ಒಂದೇ ಒಂದು ಸಲ ಹೇಳಲಿ ಎಂದು ಅವಳು ಕೊನೆಯ ತನಕ ಕಾದಳು. ಅವರು ನೀರು ಕೇಳಿದರು, ಕುಡಿದರು, ಹೋದರು.

*

ಮಣ್ಣು ಮಾಡಿ ಬಂದ ಮೇಲೆ ಅಪ್ಪನ ಶಿಷ್ಯೆಯೊಬ್ಬಳು ಪಕ್ಕದಲ್ಲಿ ಕೂತಳು. ಹೋದ ವರ್ಷ ಒಂದು ತಳಿಯಲ್ಲಿ ಆ ಗುರುತೇ ಕೈಕೊಟ್ಟಿತೆಂದಳು. ಗುರುತು ಒಂದು ದಾರಿ, ರೋಗ ತಡೆಯುವ ಗುಣ ಇನ್ನೊಂದು ದಾರಿ ಹಿಡಿದಿದ್ದವು. ತಿಪ್ಪೆಗೆ ಎಸೆದ ಸಸಿಗಳು ಅಲ್ಲೇ ಬೇರುಬಿಟ್ಟು, ರೋಗವಿಲ್ಲದೆ ಹಣ್ಣು ಬಿಟ್ಟಾಗಲೇ ವಿಷಯ ತಿಳಿದದ್ದಂತೆ.

"ಸರ್ ಅತ್ತುಬಿಟ್ರು. ಎಂಥಾ ಒಳ್ಳೇದನ್ನ ಕಿತ್ತೆಸೆದ್ಬಿಟ್ಟೆ, ಬೆಳೆಯೋಕೆ ಬಿಡಬೇಕಾಗಿತ್ತು ಅಂತ ಒಂದೇ ಸಮನೆ ಹೇಳ್ತಿದ್ರು."

ಅವಳು ಶಿಷ್ಯೆಯ ಕೈ ಹಿಡಿದಳು. "ಯಾರ ಬಗ್ಗೆ?"

ಶಿಷ್ಯೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸಸಿಗಳ ಬಗ್ಗೆ, ಅಕ್ಕಾ."

ಟೊಮೆಟೊ ಗಿಡಕ್ಕೆ ಸಿಕ್ಕ ಕಣ್ಣೀರು ತನಗೆ ಸಿಗಲಿಲ್ಲವೆಂದು ಅವಳ ಹೊಟ್ಟೆ ಉರಿಯಿತು. ಗಿಡದ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನಗುವೂ ಬಂತು.

ಹೊರಡುವಾಗ ಕೇಂದ್ರದ ನಿರ್ದೇಶಕರು ಅವಳನ್ನು ನೋಡಿ, ಇವರು ಯಾರು ಎಂದು ತಮ್ಮನನ್ನು ಕೇಳಿದರು.

"ನಮ್ಮಕ್ಕ. ಮನೇಲೇ ಇರ್ತಾಳೆ."

ನಿರ್ದೇಶಕರು ತಲೆದೂಗಿ, ಚಹಾ ಕುಡಿದ ಲೋಟವನ್ನು ಅವಳ ಕೈಗೆ ಕೊಟ್ಟರು. ಹಿಂದಿದ್ದವರೂ ಕೊಟ್ಟರು. ಒಂದರೊಳಗೊಂದು ಕೂತ ಲೋಟಗಳು ಗದ್ದದ ತನಕ ಏರಿದವು. ಬೀಳದಂತೆ ಅವನ್ನು ಗದ್ದದಿಂದ ಒತ್ತಿ ಹಿಡಿದು, ಬಾಯಿ ತೆರೆಯಲಾಗದೆ ಅವಳು ನಿಂತಳು. ಜನ ಅವಳನ್ನು ದಾಟಿ ತಮ್ಮನ ಕೈಕುಲುಕುತ್ತಿದ್ದರು.